ಮೂತಿಗೆ ಬಾಲವುಳ್ಳ ಕಾರು: ಒಂದು ಶಕಟೋಷ್ಣ ಮೀಮಾಂಸೆ

ಬಾಲ ಹಿಂದುಗಡೆ ಇರುತ್ತದೆ ಎಂಬುದು ಲೋಕದ ನಂಬಿಕೆ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವಿನಿಪೆಗ್ ನಗರದ ಕಾರುಗಳು ಈ ಮತವನ್ನು ಖಂಡಿಸುತ್ತವೆ. ಅಲ್ಲಿ ಗ್ರಿಲ್ಲಿನ ಸಂದಿಯಿಂದ ಗೇಣುದ್ದದ ವೈರೊಂದು ಹೊರಬಂದು, ತುದಿಯಲ್ಲಿ ಮೂರು ಪಿನ್ನಿನ ಪ್ಲಗ್ಗು ಹೊತ್ತು ಜೋತಾಡುತ್ತಿರುತ್ತದೆ. ಬೆಂಗಳೂರಿನಿಂದ ಹೊಸದಾಗಿ ಹೋದವರು ಇದನ್ನು ಕಂಡು, ಇಲ್ಲಿ ಎಲ್ಲರದೂ ಎಲೆಕ್ಟ್ರಿಕ್ ಕಾರೇ ಎಂದು ಊರಿಗೆ ಫೋನು ಮಾಡಿದರೆ ಆಶ್ಚರ್ಯವಿಲ್ಲ. ಪೆಟ್ರೋಲು ಕುಡಿಯುವ ಕಾರಿಗೆ ರಾತ್ರಿ ಕರೆಂಟನ್ನೂ ಕುಡಿಸುವ ಈ ಆಚಾರದ ಮೂಲ, ಲಕ್ಷಣ, ಪ್ರಯೋಜನಗಳೇ ಪ್ರಸ್ತುತ ಪ್ರಬಂಧದ ವಿಷಯ. ಕಾರು ಕಾಯದಿರಲೆಂದು ಹೊಂಗೆ ಮರದ ನೆರಳಿಗೆ ಜಗಳವಾಡುವ ನಾಡಿನಲ್ಲಿ ಈ ಶಾಸ್ತ್ರ ಏಕೆ ಹುಟ್ಟಲಿಲ್ಲವೆಂಬುದನ್ನು ಎರಡನೆಯ ಸಂಪುಟಕ್ಕೆ ಬಿಡಲಾಗಿದೆ.

ಮೊದಲು ಶೀತಲಕ್ಷಣ. ವಿನಿಪೆಗ್‌ನ ಜನವರಿ ರಾತ್ರಿಗಳಲ್ಲಿ ಮೈನಸ್ 20 ಡಿಗ್ರಿ ಎಂಬುದು ಸುದ್ದಿಯೇ ಅಲ್ಲ. ಇನ್ನೂ ಇಳಿದು ಮೈನಸ್ 40 ಮುಟ್ಟಿದರೆ ಅಲ್ಲೊಂದು ದಾರ್ಶನಿಕ ಘಟನೆ ನಡೆಯುತ್ತದೆ. ಸೆಲ್ಸಿಯಸ್ಸಿಗೂ ಫ್ಯಾರನ್‌ಹೀಟಿಗೂ ಇರುವ ಭೇದ ಆ ಒಂದು ಬಿಂದುವಿನಲ್ಲಿ ಅಳಿದು ಎರಡೂ ಒಂದೇ ಸಂಖ್ಯೆ ತೋರಿಸುತ್ತವೆ. ಅದ್ವೈತಸಿದ್ಧಿಗೆ ಇಷ್ಟು ನಡುಗಬೇಕೇ ಎಂದು ದ್ವೈತಿಗಳು ಕೇಳಬಹುದು. ಇತ್ತ ಎಂಜಿನ್ ಆಯಿಲ್ಲು ಜೋನಿ ಬೆಲ್ಲದಂತೆ ಗಟ್ಟಿಯಾಗಿರುತ್ತದೆ. ಮೈನಸ್ 18ರ ಹೊತ್ತಿಗೇ ಬ್ಯಾಟರಿಯ ತಾಕತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಅಂದರೆ ತಿರುಗಿಸಬೇಕಾದದ್ದು ಭಾರವಾದಾಗಲೇ ತಿರುಗಿಸುವವನು ಸೊರಗಿರುತ್ತಾನೆ. ಆಯಿಲ್ ಡಬ್ಬದ ಮೇಲಿನ ‘ಜೀರೋ ಡಬ್ಲ್ಯೂ ಟ್ವೆಂಟಿ’ಯಲ್ಲಿನ ಡಬ್ಲ್ಯೂ ಅಕ್ಷರವನ್ನು ವ್ಯಾಟ್ ಎಂದೂ ವೆಯ್ಟ್ ಎಂದೂ ವ್ಯಾಖ್ಯಾನಿಸುವವರಿದ್ದಾರೆ. ಅದು ವಿಂಟರ್. ಅದರ ಹಿಂದಿನ ಅಂಕಿ ಚಿಕ್ಕದಿದ್ದಷ್ಟೂ ಆಯಿಲ್ಲು ಚಳಿಯಲ್ಲಿ ಬೇಗ ಹರಿಯುತ್ತದೆ.

ಇನ್ನು ಕರ್ತೃವಿಚಾರ. ಕಾರ್ ಹೀಟರನ್ನು ಕಂಡುಹಿಡಿದವರು ಶಿಕಾಗೋದ ಮಾರ್ಗರೆಟ್ ವಿಲ್ಕಾಕ್ಸ್, ಪೇಟೆಂಟ್ ಪಡೆದದ್ದು 1893ರಲ್ಲಿ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಪೇಟೆಂಟ್ ನಿಜ, ಶೀರ್ಷಿಕೆಯೂ ನಿಜ. ಆದರೆ ಅರ್ಥಪಲ್ಲಟವನ್ನು ಅರಿಯದವರು ಇಲ್ಲಿ ಎಡವುತ್ತಾರೆ. ಮೋಟಾರು ಕಾರು ಇನ್ನೂ ತೊಟ್ಟಿಲಲ್ಲಿದ್ದ ಆ ಕಾಲಕ್ಕೆ ಅಮೆರಿಕದಲ್ಲಿ ಕಾರ್ ಎಂದರೆ ರೈಲಿನ ಬೋಗಿ. ವಿಲ್ಕಾಕ್ಸ್ ಬೆಚ್ಚಗಾಗಿಸಹೊರಟದ್ದು ರೈಲು ಪ್ರಯಾಣಿಕರನ್ನು. ಒಂದು ಪದ ಹಳಿ ತಪ್ಪಿದ್ದರಿಂದ ಒಬ್ಬ ಮಹಿಳೆಗೆ ಎರಡು ಕೀರ್ತಿ ಬಂತು. ಪ್ರಬಂಧಕಾರರಿಗೆ ಇದರಲ್ಲಿ ಆಕ್ಷೇಪವೇನೂ ಇಲ್ಲ.

ಬಾಲದ ಕೀರ್ತಿ ಸಾಮಾನ್ಯವಾಗಿ ಸಲ್ಲುವುದು ಬೇರೊಬ್ಬರಿಗೆ. ವಿನಿಪೆಗ್‌ನಿಂದ ಗಡಿ ದಾಟಿ ದಕ್ಷಿಣಕ್ಕೆ ಹೋದರೆ ಉತ್ತರ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್ ಸಿಗುತ್ತದೆ. ಅಲ್ಲಿನ ಆಂಡ್ರ್ಯೂ ಫ್ರೀಮನ್ ಹಳೆಯ ತಾಮ್ರದ ಕೊಳವೆಯ ತುಂಡುಗಳನ್ನೂ ಇಸ್ತ್ರಿಪೆಟ್ಟಿಗೆಯೊಂದರ ಕಾಯಿಲ್ಲನ್ನೂ ಕೂಡಿಸಿ, ಎಂಜಿನ್ನಿನ ಬೋಲ್ಟ್ ಕೂರುವ ಜಾಗದಲ್ಲೇ ಹೀಟರ್ ಕೂರಿಸಿದರು. 1949ರಲ್ಲಿ ಪೇಟೆಂಟ್ ಬಂತು. ಬಾಲದ ಒಳತುದಿಯಲ್ಲಿರುವ ಇಂದಿನ ಬ್ಲಾಕ್ ಹೀಟರ್ ಎಂಜಿನ್ನಿನೊಳಗಿನ ಕೂಲಂಟನ್ನು ಬಿಸಿಯಾಗಿಡುತ್ತದೆ. ಸ್ನಾನದ ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ಬೆಳೆದ ಕನ್ನಡಿಗರಿಗೆ ಇದಕ್ಕಿಂತ ಹೆಚ್ಚಿನ ಭಾಷ್ಯ ಬೇಡ.

ಆ ಬಕೆಟ್ಟಿನ ಜ್ಞಾನವೇ ಮುಂದೆ ಅಡ್ಡಿಯಾಗುವುದೂ ಉಂಟು. ಹೆಚ್ಚು ಹೊತ್ತು ಇಟ್ಟಷ್ಟೂ ಹೆಚ್ಚು ಬಿಸಿ ಎಂದು ನಂಬಿ, ಬೆಳಿಗ್ಗೆ ಏಳಕ್ಕೆ ಹೊರಡುವವರು ಹಿಂದಿನ ಸಂಜೆ ಏಳಕ್ಕೇ ಪ್ಲಗ್ಗು ಚುಚ್ಚಿ ಮಲಗುತ್ತಾರೆ. 500 ವ್ಯಾಟ್ ಹೀಟರು ಹನ್ನೆರಡು ಗಂಟೆ ಉರಿದರೆ 6 ಯೂನಿಟ್ಟು. ಎಂಜಿನ್ನು ಎಷ್ಟು ಬೆಚ್ಚಗಾಗಬೇಕೋ ಅಷ್ಟು ಮೂರು ಗಂಟೆಯಲ್ಲೇ ಆಗಿರುತ್ತದೆ. ಅದಕ್ಕೆ ಒಂದೂವರೆ ಯೂನಿಟ್ಟು ಸಾಕು. ಉಳಿದ ನಾಲ್ಕೂವರೆ ಮ್ಯಾನಿಟೋಬಾದ ಆಕಾಶವನ್ನು ಬೆಚ್ಚಗಾಗಿಸುವ ದಾನಧರ್ಮ. ಸಣ್ಣದೊಂದು ಟೈಮರು ಈ ದಾನಶೂರತೆಯನ್ನು ತಡೆಯುತ್ತದೆ. ಎಕ್ಸ್‌ಟೆನ್ಷನ್ ವೈರು ಹೊರಾಂಗಣಕ್ಕೆಂದೇ ಮಾಡಿದ, ಅರ್ಥಿಂಗ್ ಇರುವ ದಪ್ಪ ವೈರೇ ಆಗಿರಬೇಕು. ಹಬ್ಬದ ಸೀರಿಯಲ್ ಸೆಟ್ಟಿಗೆ ತಂದ ತೆಳು ವೈರನ್ನು ಇದಕ್ಕೆ ಕೊಟ್ಟರೆ ಅದೇ ಮೊದಲು ಬಿಸಿಯಾಗಿ ಕರಗುತ್ತದೆ.

ಪ್ರತಿಪಕ್ಷವಾಗಿ ನಿಲ್ಲುವುದು ಐಡ್ಲಿಂಗ್ ಪಂಥ. ಈ ಪದಕ್ಕೂ ಇಡ್ಲಿಗೂ ಯಾವ ವ್ಯುತ್ಪತ್ತಿ ಸಂಬಂಧವೂ ಇಲ್ಲ, ಎರಡೂ ಹಬೆ ಬಿಡುತ್ತ ನಿಂತಲ್ಲೇ ಬೇಯುತ್ತವೆ ಎಂಬುದನ್ನು ಬಿಟ್ಟರೆ. ಹೊರಡುವ ಮುನ್ನ ಅರ್ಧ ಗಂಟೆ ಎಂಜಿನ್ ಓಡಿಸಬೇಕೆಂದು ಈ ಪಂಥದ ಹಿರಿಯರು ವಾದಿಸುತ್ತಾರೆ. ಕಾರ್ಬ್ಯುರೇಟರ್ ಯುಗದಲ್ಲಿ ಅದಕ್ಕೆ ಆಧಾರವಿತ್ತು. ಫ್ಯೂಯಲ್ ಇಂಜೆಕ್ಷನ್ ಬಂದ ಮೇಲೆ ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಓಡಿಸಿದರೆ ನಿಂತದ್ದಕ್ಕಿಂತ ಬೇಗ ಬಿಸಿಯಾಗುತ್ತದೆ. ಟೊರಾಂಟೊ ನಗರವಂತೂ ಗಂಟೆಗೆ ಒಂದು ನಿಮಿಷಕ್ಕಿಂತ ಹೆಚ್ಚು ಐಡ್ಲಿಂಗ್ ಕೂಡದೆಂದು ಬೈಲಾ ಮಾಡಿದೆ. ಆದರೆ ಸೈಬೀರಿಯದ ಯಾಕುತ್ಸ್ಕ್ ಈ ಶಾಸ್ತ್ರಕ್ಕೆ ಅಪವಾದ. ಅಲ್ಲಿನ ಜನವರಿಯ ಸರಾಸರಿಯೇ ಮೈನಸ್ 35ಕ್ಕಿಂತ ಕೆಳಗೆ. ಅಲ್ಲಿ ಕಾರಿನ ಕಿಟಕಿಗೆ ಇನ್ನೊಂದು ಗಾಜು ಅಂಟಿಸುತ್ತಾರೆ, ಎಂಜಿನ್ ಓಡುತ್ತಿರುವಂತೆಯೇ ಅಂಗಡಿಗೆ ಹೋಗಿಬರುತ್ತಾರೆ, ಕಾರಿಗೆ ದಪ್ಪ ರಜಾಯಿಯಂಥ ಹೊದಿಕೆ ಹೊದಿಸುತ್ತಾರೆ. ಆ ಹೊದಿಕೆಯ ಹೆಸರು ನತಾಶಾ.

ಇಲ್ಲಿ ವಿದ್ವತ್ತಿನ ಠೇಂಕಾರ ಸ್ವಲ್ಪ ನಿಲ್ಲಬೇಕು. ಸೈಲೆನ್ಸರ್ ಬಾಯಿಗೆ ಹಿಮ ತುಂಬಿದ ಕಾರಿನಲ್ಲಿ ಎಂಜಿನ್ ಓಡಿಸಿ ಕೂತರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಬೆಟ್ಟದಲ್ಲಿ ಹಿಮ ನೋಡಲು ಹೋಗಿ ದಾರಿಯಲ್ಲೇ ಸಿಕ್ಕಿಕೊಂಡವರ ಪೈಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಕಾರಿನೊಳಗೇ ತೀರಿಕೊಂಡರು. ಕೆಲವರನ್ನು ಕೊಂದದ್ದು ಚಳಿಯಲ್ಲ, ಈ ಹೊಗೆ. ಸಿಕ್ಕಿಕೊಂಡರೆ ಮೊದಲು ಇಳಿದು ಸೈಲೆನ್ಸರ್ ಬಾಯಿಯ ಹಿಮ ಕೆರೆಯಬೇಕು. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಒಂದು ಕಿಟಕಿಯನ್ನು ಬೆರಳಷ್ಟು ಇಳಿಸಿರಬೇಕು. ಗ್ಯಾರೇಜಿನೊಳಗೆ, ಬಾಗಿಲು ತೆರೆದಿದ್ದರೂ, ಕಾರು ಬಿಸಿಮಾಡಕೂಡದು.

ಮತ್ತೆ ಶಾಸ್ತ್ರಕ್ಕೆ. ಮುಂಗಾಜಿನ ಮೇಲಿನ ಮಂಜುಗಡ್ಡೆಗೆ ಹಂಡೆಯ ಬಿಸಿನೀರು ಎರಚುವ ಉಪಾಯ ಕರ್ನಾಟಕ ಮೂಲದವರಿಗೆ ಸಹಜವಾಗಿ ಹೊಳೆಯುತ್ತದೆ. ಗಾಜು ಬಿರುಕು ಬಿಡಬಹುದು, ಎರಚಿದ ನೀರು ವೈಪರಿನ ಮೇಲೆ ಹೆಪ್ಪುಗಟ್ಟಿ ಕೂರುತ್ತದೆ. ಅಂಗಡಿಯಲ್ಲಿ ಸಿಗುವ, ಮಂಜು ಕೆರೆಯುವ ಪ್ಲಾಸ್ಟಿಕ್ ಸಲಾಕೆಗೆ ಇಷ್ಟು ನಾಟಕೀಯತೆ ಇಲ್ಲ, ಅಷ್ಟೆ.

ಪೆಟ್ರೋಲ್ ಕಾರಿನ ಒಳಗನ್ನು ಬೆಚ್ಚಗಾಗಿಸುವ ಹೀಟರು ಪರರ ಎಂಜಲಿನಲ್ಲಿ ಬದುಕುವ ಜೀವಿ. ಉರಿದ ಇಂಧನದ ಮೂರರಲ್ಲಿ ಎರಡು ಪಾಲಿನಷ್ಟು ಚಕ್ರ ತಲುಪದೆ ಶಾಖವಾಗಿ ಪೋಲಾಗುವುದರಿಂದ ಅದಕ್ಕೆ ಊಟ ಪುಕ್ಕಟೆ. ಎಲೆಕ್ಟ್ರಿಕ್ ಕಾರು ಅಷ್ಟು ಪೋಲು ಮಾಡುವುದಿಲ್ಲವಾದ್ದರಿಂದ ಚಳಿಯಲ್ಲಿ ತನ್ನ ಗಂಟನ್ನೇ ಬಿಚ್ಚಬೇಕು. ಮೈನಸ್ 7ರಲ್ಲಿ ಹೀಟರ್ ಹಾಕಿದರೆ ಓಡುವ ದೂರ ಸರಾಸರಿ ಶೇ. 41ರಷ್ಟು ಕುಸಿಯುತ್ತದೆಂದು ಅಮೆರಿಕದ ವಾಹನ ಚಾಲಕರ ಸಂಘ 2019ರಲ್ಲಿ ಅಳೆದು ಹೇಳಿತು. ಪರಿಹಾರ ನಮ್ಮ ಕುರಿಗಾಹಿಗಳಿಗೆ ಗೊತ್ತಿದ್ದದ್ದೇ: ಬಯಲನ್ನು ಬಿಟ್ಟು ಮೈಯನ್ನು ಬೆಚ್ಚಗಿಡುವುದು. ಸೀಟ್ ಹೀಟರಿಗೆ ಹಲವು ಹತ್ತು ವ್ಯಾಟ್ ಸಾಕು, ಒಳಗಿನ ಗಾಳಿಯನ್ನು ಕಾಯಿಸಲು ಸಾವಿರಗಟ್ಟಲೆ ಬೇಕು. ಚಾರ್ಜಿಂಗ್ ವೈರು ಚುಚ್ಚಿದ್ದಾಗಲೇ ಕ್ಯಾಬಿನ್ ಬಿಸಿ ಮಾಡಿಕೊಂಡರೆ ಬ್ಯಾಟರಿಯ ಗಂಟು ಉಳಿಯುತ್ತದೆ.

ಕೀಲಿ ಹಾಕಿ ಓಡಿಸಿಟ್ಟ ಕಾರನ್ನು ಬಿಟ್ಟು ಒಳಗೆ ಕಾಫಿ ಕುಡಿಯುವವರ ಬಗ್ಗೆ ಒಂದು ಮಾತು. ಹೀಗೆ ಬಿಳಿ ಹೊಗೆಯುಗುಳುತ್ತ ಮಾಲೀಕನಿಲ್ಲದೆ ನಿಂತ ಕಾರಿಗೆ ಅಮೆರಿಕದ ಡೆನ್ವರ್ ಪೊಲೀಸರು ‘ಪಫರ್’ ಎನ್ನುತ್ತಾರೆ. ಕಳ್ಳರಿಗೂ ಈ ಪಾರಿಭಾಷಿಕ ಪದದ ಅರ್ಥ ಚೆನ್ನಾಗಿ ಗೊತ್ತು. ಆದರೆ ವಿನಿಪೆಗ್ ಇರುವ ಅದೇ ಮ್ಯಾನಿಟೋಬಾದ ಚರ್ಚಿಲ್ ಎಂಬ ಊರಿನಲ್ಲಿ ಕಾರಿನ ಬಾಗಿಲಿಗೆ ಬೀಗ ಹಾಕದಿರುವುದೇ ಸಂಪ್ರದಾಯ. ಬೀದಿಯಲ್ಲಿ ಹಿಮಕರಡಿ ಎದುರಾದವರು ಯಾರ ಕಾರಿಗಾದರೂ ನುಗ್ಗಿ ಬಚಾವಾಗಲಿ ಎಂದು.

ಕೊನೆಯದು ವಿಸ್ಮೃತಿದೋಷ. ವಿನಿಪೆಗ್‌ನ ಮೊದಲ ಚಳಿಗಾಲ. ಆಫೀಸಿಗೆ ತಡವಾಗಿದೆ. ನಮ್ಮ ಹೊಸಬರು ಸ್ಟಾರ್ಟ್ ಮಾಡುತ್ತಾರೆ, ಎಂಜಿನ್ನು ಒಂದೇ ಏಟಿಗೆ ಹಿಡಿಯುತ್ತದೆ. ಮೀಮಾಂಸೆಯೆಲ್ಲ ಫಲಿಸಿದ ಹೆಮ್ಮೆಯಲ್ಲಿ ಕಾರು ರಿವರ್ಸ್ ತೆಗೆಯುತ್ತಾರೆ. ಪಕ್ಕದ ಮನೆಯಾತ ಸಲಿಕೆ ಕೆಳಗಿಟ್ಟು ಎರಡೂ ಕೈ ಬೀಸುತ್ತಾನೆ. ಎಂಥ ಸ್ನೇಹಜೀವಿಗಳಪ್ಪ ಇಲ್ಲಿಯವರು ಎಂದುಕೊಂಡು ಇವರೂ ಕೈ ಬೀಸುತ್ತಾರೆ. ಗೋಡೆಯ ಸಾಕೆಟ್ಟಿನಿಂದ ಪ್ಲಗ್ಗು ಟಪ್ಪೆಂದು ಕಿತ್ತು ಬರುತ್ತದೆ, ಐದು ಮೀಟರ್ ಕಿತ್ತಳೆ ಬಣ್ಣದ ವೈರು ಹಿಮದ ಮೇಲೆ ಹಾವಿನಂತೆ ಹರಿಯುತ್ತ ಆಫೀಸಿನವರೆಗೂ ಜೊತೆಗೆ ಹೋಗುತ್ತದೆ.