ನಿರ್ದೋಷಿಯ ಕಂತು

1951ರಿಂದ ಬಿ.ಬಿ.ಸಿ. ರೇಡಿಯೋದಲ್ಲಿ ಪ್ರಸಾರವಾಗುತ್ತಿರುವ ‘ದಿ ಆರ್ಚರ್ಸ್’ ಧಾರಾವಾಹಿಯ ಹೆಲೆನ್ ಎಂಬಾಕೆ, ತನ್ನನ್ನು ಬಹುಕಾಲ ಪೀಡಿಸಿದ ಪತಿ ರಾಬ್‌ನನ್ನು ಚೂರಿಯಿಂದ ಇರಿದ ಆರೋಪದ ಮೇಲೆ ಕಟಕಟೆಯನ್ನೇರಿದ 2016ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿನ ಯಾವುದೋ ಅಡುಗೆಮನೆಯಲ್ಲಿ ಈ ಸಂವಾದವು ಜರುಗಿರಲೇಬೇಕೆಂದು ನನ್ನ ದೃಢವಾದ ಊಹೆ.

“ಮನೆಯೊಳಗಿನ ಮಾತಿಗೆ ನ್ಯಾಯಾಲಯವೇಕೆ?” ಎಂದರು ಯಜಮಾನರು.

“ಆಕೆಯ ಉಡುಪನ್ನೂ ಸ್ನೇಹಿತರನ್ನೂ ಆತನೇ ನಿರ್ಣಯಿಸುತ್ತಿದ್ದನಲ್ಲ! ದಾಂಪತ್ಯದೊಳಗಿನ ಅಂಥ ದಬ್ಬಾಳಿಕೆಯೂ 2015ರ ಶಾಸನದಂತೆ ಅಪರಾಧವೇ.”

“ಅದು ವಾತ್ಸಲ್ಯ ಕಣೇ! ಅಂದಹಾಗೆ, ಬರಬೇಡವೆಂದು ನಿನ್ನ ತಂಗಿಗೆ ಬರೆದೆಯಷ್ಟೆ? ಆ ಹಸಿರು ಅಂಗಿಯನ್ನೂ ಬದಲಿಸು, ನಿನಗದು ಒಪ್ಪದು.”

ಒಂದು ಗಂಟೆಯ ವಿಶೇಷ ಕಂತಿನ ಅಂತ್ಯದಲ್ಲಿ ಜೂರಿಯವರು ‘ನಿರ್ದೋಷಿ’ ಎಂದರು.

“ಘೋರ ಅನ್ಯಾಯ! ರೇಡಿಯೋ ಆರಿಸು.”

ಹಸಿರು ಅಂಗಿಯ ತೋಳು ಮುಂಚಾಚಿ, ಆಕೆ ಧ್ವನಿಯ ತಿರುಗಣೆಯನ್ನು ಬಲಕ್ಕೆ ತಿರುಗಿಸಿದಳು.