ದಪ್ಪಕ್ಕೆ ತೆಳುವೇ ಎದುರಾಳಿ

ಎಸ್ಸೆಸ್ಸೆಲ್ಸಿ ಜೀವಶಾಸ್ತ್ರದ ಉತ್ತರಪತ್ರಿಕೆಗಳಲ್ಲಿ ದಾನಶೂರ ಕರ್ಣರಿಗೆ ಕೊರತೆಯಿಲ್ಲ. ‘ರಕ್ತದ ಸಕ್ಕರೆ ಇಳಿಸುವ ಹಾರ್ಮೋನ್ ಹೆಸರಿಸಿ’ ಎಂದು 1 ಅಂಕಕ್ಕೆ ಕೇಳಿದರೆ, ಮೇದೋಜೀರಕ ಗ್ರಂಥಿಯಿಂದ ಹಿಡಿದು ಅಜ್ಜನ ಶುಗರ್ ಮಾತ್ರೆಯವರೆಗೆ ಒಂದೂವರೆ ಪುಟ. ‘ಇನ್ಸುಲಿನ್’ ಮಾತ್ರ ಎಲ್ಲೋ ಮೂಲೆಯಲ್ಲಿ, ಅದೂ ಕಾಗುಣಿತ ಕೆಟ್ಟು. ಅದೇ ಮಹಾನುಭಾವನಿಗೆ ‘ಎಡ ಹೃತ್ಕುಕ್ಷಿಯ ಭಿತ್ತಿ ದಪ್ಪ, ಕಾರಣ ಕೊಡಿ’ ಎನ್ನಿ: ‘ಏಕೆಂದರೆ ಅದು ದಪ್ಪಗಿದೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ! ಇಡೀ ದೇಹಕ್ಕೆ ರಕ್ತ ತಳ್ಳುವ ಕೆಲಸ ಅದರದ್ದು ಎಂದಿದ್ದರೆ ಮುಗಿದಿತ್ತು.

ವ್ಯತ್ಯಾಸ ಬರೆಯುವ ಸೊಗಸನ್ನಂತೂ ಕೇಳಬೇಡಿ. ಎಡಗಡೆ ‘ಅಪಧಮನಿಯ ಭಿತ್ತಿ ದಪ್ಪ’, ಬಲಗಡೆ ‘ಅಭಿಧಮನಿಯಲ್ಲಿ ಕವಾಟಗಳಿವೆ’. ಎಮ್ಮೆಯ ಬಣ್ಣಕ್ಕೂ ಹಸುವಿನ ಕೊಂಬಿಗೂ ಪಂದ್ಯ ಕಟ್ಟಿದ ಹಾಗೆ. ದಪ್ಪಕ್ಕೆ ತೆಳುವನ್ನೇ ಎದುರು ನಿಲ್ಲಿಸಬೇಕಪ್ಪಾ, ಕವಾಟ ‘ಇದೆ’ ಎಂದರೆ ಆಚೆ ‘ಇಲ್ಲ’ ಎನ್ನಬೇಕು.

ಚಿತ್ರ ಬರೆದು ಭಾಗ ಗುರುತಿಸಿ ಎಂದಲ್ಲಿ ನೆಫ್ರಾನಿಗೆ ಮದುವಣಗಿತ್ತಿಯ ಅಲಂಕಾರ. ಹೆಸರು ಮಾತ್ರ ಒಂದೂ ಇಲ್ಲ. ಬಾಣದ ಗುರುತುಗಳು ಗಾಳಿಗೆ ಗುರಿಯಿಟ್ಟು ನಿಂತಿವೆ. ಹುಡುಗ ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡುತ್ತಾನೆ: ‘ಒಂದೂ ಬಿಟ್ಟಿಲ್ಲಮ್ಮ, ಪೇಪರ್ ಪೂರ್ತಿ ತುಂಬಿಸಿದೀನಿ!’