ಮೂರನೆಯ ಬ್ಲಾಕಿನ ಮೀರ್ ಬಹರ್

ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿ, ಯಾವ ದಿಕ್ಕಿಗೆ ಹೊರಟರೂ ಒಂದು ಹಗಲು ಬಸ್ಸಿನಲ್ಲಿ ಕುಳಿತ ಹೊರತು ಕಡಲಿನ ಮುಖ ಕಾಣದ ರಾಜಾಜಿನಗರದಲ್ಲಿ, ಅದರಲ್ಲಿಯೂ ದಿನ ಬಿಟ್ಟು ದಿನ ಬರುವ ಕಾವೇರಿ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಡುವುದೇ ಜಲಸಂಬಂಧವಾದ ಏಕೈಕ ಪರಾಕ್ರಮವಾಗಿರುವ ನಮ್ಮ ಮನೆಯಲ್ಲಿ, ಕಳೆದ ಬೇಸಗೆಯ ರಜೆಯಲ್ಲಿ ನಾನು ಮೂರು ಸಲ ಹಡಗಿನ ದಂಡು ಕಟ್ಟಿ ಮೂರು ಸಲವೂ ಅದನ್ನು ನೀರುಪಾಲು ಮಾಡಿದೆನೆಂದರೆ, ಓದುಗರು ನನ್ನ ವಯಸ್ಸನ್ನು ನೆನೆದು ಮರುಕಪಟ್ಟಾರು.

ನನ್ನ ಮಗ ಕಾಲೇಜಿನಲ್ಲಿದ್ದಾಗ, ಪಾಠಗಳಿಗೆ ಸಲ್ಲಬೇಕಾಗಿದ್ದ ರಾತ್ರಿಗಳನ್ನೆಲ್ಲ ನುಂಗಿ ನೀರು ಕುಡಿದಿದ್ದ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್’ ಎಂಬ ಕಂಪ್ಯೂಟರ್ ಆಟದ ಮೂರನೆಯ ಭಾಗವು, 1999ರಲ್ಲಿ ಹೊರಬಂದದ್ದು, ಪಿತ್ರಾರ್ಜಿತ ಆಸ್ತಿಯಂತೆ ಈಗ ಮೊಮ್ಮಗನ ಕೈಸೇರಿದೆ. ಅದರಲ್ಲಿ ಹದ್ದಿನ ಮೋರೆಯ ಸಿಂಹಗಳುಂಟು, ರೆಕ್ಕೆಯ ಘಟಸರ್ಪಗಳುಂಟು, ಕತ್ತಿ ಹಿಡಿದ ಅಸ್ಥಿಪಂಜರಗಳುಂಟು. ಆದರೆ ಇವೆಲ್ಲಕ್ಕಿಂತಲೂ ನನಗೆ ಅದ್ಭುತವಾಗಿ ಕಂಡದ್ದು ಅಲ್ಲಿಯ ಹಡಗುಕಾರ್ಖಾನೆಯ ದರ. ಸಾವಿರ ಹೊನ್ನು, ಹತ್ತು ಹೊರೆ ಮರ: ಇಷ್ಟನ್ನು ತೆತ್ತರೆ, ಬಡಗಿಯ ಮುಖವನ್ನೂ ನೋಡದೆ, ಕಣ್ಣು ಮಿಟುಕಿಸುವುದರೊಳಗಾಗಿ ಹಡಗು ನೀರಿನ ಮೇಲಿರುತ್ತದೆ, ಏಳು ಬಗೆಯ ಸೈನ್ಯ, ಘಟಸರ್ಪಗಳೂ ಸೇರಿದಂತೆ, ಆ ಒಂದೇ ಹಡಗಿನಲ್ಲಿ ಹಿಡಿಯುತ್ತದೆ. ಟ್ರಫಾಲ್ಗರಿನ ಕದನದಲ್ಲಿ ನೆಲ್ಸನ್ನನನ್ನು ಹೊತ್ತಿದ್ದ ‘ವಿಕ್ಟರಿ’ ಎಂಬ ಹಡಗನ್ನು ಕಟ್ಟಲು ಸುಮಾರು 6000 ಮರಗಳು ಉರುಳಿದುವೆಂದು ಓದಿದ್ದ ನಾನು, ಈ ಅನ್ಯಾಯವನ್ನು ಮನೆಯಾಕೆಯ ಮುಂದೆ ನಿವೇದಿಸಿದೆ. ಅಟ್ಟದ ಬಾಗಿಲೊಂದನ್ನು ಸರಿಮಾಡಲು ಹಿಂದಿನ ದಿನವಷ್ಟೇ ನಾಲ್ಕು ಸಾವಿರ ಕೇಳಿ ಹೋಗಿದ್ದ ಆಚಾರಿಯನ್ನು ನೆನೆದು, ಆಕೆ, "ಹಾಗಾದರೆ ಆ ಹಡಗಿನವರನ್ನೇ ಕರೆಸಿ, ಅಟ್ಟವನ್ನೂ ನೋಡಲಿ" ಎಂದಳು.

ಆಟದ ಕಡಲಿನ ನಿಯಮಗಳು ವಿಚಿತ್ರವಾಗಿವೆಯೆಂದು ಮೊದಮೊದಲು ಅನ್ನಿಸಿತಾದರೂ, ಪಶ್ಚಿಮ ಬೆಂಗಳೂರಿನ ನಿವಾಸಿಯಾದವನಿಗೆ ಅವು ಬಹುಬೇಗ ಒಗ್ಗಿದುವು. ಹಡಗು ಹತ್ತಿದರೆ ಆ ದಿನದ ನಡಿಗೆಯೆಲ್ಲ ಮುಗಿದುಹೋಗುತ್ತದೆ, ಮುಂದಿನ ಪಯಣ ಮರುದಿನಕ್ಕೆ. ಸಂಜೆ ಆರಕ್ಕೆ ಮೆಜೆಸ್ಟಿಕ್ಕಿನಲ್ಲಿ ಕೆಂಗೇರಿಯ ಬಸ್ಸು ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಡುಗಡಲಿನಲ್ಲಿ ಅಲ್ಲಲ್ಲಿ ಸುಳಿಗಳಿವೆ. ಒಂದರಲ್ಲಿ ಮುಳುಗಿದ ಹಡಗು ಎಲ್ಲಿಯೋ ಮತ್ತೊಂದರಲ್ಲಿ ಮೇಲೇಳುತ್ತದೆ, ಆದರೆ ಅಷ್ಟರಲ್ಲಿ ನಮ್ಮ ಸೈನ್ಯದ ಅತ್ಯಂತ ದುರ್ಬಲವಾದ ತುಕಡಿಯಲ್ಲಿ ಅರ್ಧದಷ್ಟು ಮಂದಿ ಇರುವುದಿಲ್ಲ. ಮಾಗಡಿ ರಸ್ತೆಯ ಟೋಲ್‌ಗೇಟಿನ ಬಳಿ ಸ್ಕೂಟರಿನಲ್ಲಿ ಮನೆಯಾಕೆಯನ್ನೂ ಎರಡು ಚೀಲ ತರಕಾರಿಯನ್ನೂ ಕೂರಿಸಿಕೊಂಡು ಒಳಹೊಕ್ಕು, ವಿಜಯನಗರದಲ್ಲಿ ಹೊರಬಿದ್ದಾಗ ಒಂದೇ ಚೀಲವನ್ನು ಕಂಡ ಅನುಭವ ನನಗುಂಟು.

ಈ ಸುಳಿಯ ಉಪದ್ರವಕ್ಕೆ ಪರಿಹಾರವೂ ಆಟದಲ್ಲಿದೆ. ನಾವಿಕನಾಯಕನ ಟೋಪಿಯೊಂದು ಎಲ್ಲಿಯೋ ಬಿದ್ದಿರುತ್ತದೆ. ಅದನ್ನು ಧರಿಸಿದವನನ್ನು ಸುಳಿ ಬಾಧಿಸದು, ಬೇಕೆಂದಾಗ ಮಂತ್ರದಿಂದ ಹಡಗನ್ನು ಕರೆಯಲೂಬಹುದು. ನನ್ನ ಮೊದಲನೆಯ ಹಡಗು ಮುಳುಗಿದಾಗ ಮೊಮ್ಮಗ, "ತಾತ, ನೀವು ಟೋಪಿ ಇಲ್ದೇನೇ ಹೋದ್ರಿ, ಅದಕ್ಕೇ ಹೀಗಾಯ್ತು" ಎಂದ. ಟೋಪಿ ಹಾಕಿಸಿಕೊಳ್ಳುವುದು ನನಗೆ ಹೊಸದಲ್ಲ. ಆದರೆ ಟೋಪಿಯೊಂದರಿಂದಲೇ ನೌಕಾಧಿಪತಿಯಾಗಬಹುದೆಂಬ ಈ ಮಾತು ಕೇಳಿದೊಡನೆ, ನಮ್ಮ ನಾಡಿನ ಚರಿತ್ರೆಯಲ್ಲಿಯೇ ಅದನ್ನು ಪ್ರಯೋಗಿಸಿ ನೋಡಿದ ದೊರೆಯೊಬ್ಬನ ನೆನಪಾಯಿತು.

ಹೈದರಾಲಿಯು ಕರಾವಳಿಯನ್ನು ಗೆದ್ದ ಮೇಲೆ, ಕಡಲಿನಲ್ಲಿಯೂ ತನ್ನ ಧ್ವಜ ಹಾರಬೇಕೆಂದು ಹಡಗುಗಳನ್ನು ಕಟ್ಟಿಸಿದ. ಕಟ್ಟಿಸಿದ್ದು ಸರಿ; ಅವುಗಳ ಮೇಲೆ ಅಧಿಪತಿಯನ್ನಾಗಿ ನೇಮಿಸಿದ್ದು ಲುತ್ಫ್ ಅಲಿ ಬೇಗ್ ಎಂಬ ಸರದಾರನನ್ನು, ಆತನೋ ಕುದುರೆಯ ದಂಡಿನವನು. ಜೀವಮಾನವೆಲ್ಲ ಲಗಾಮು ಹಿಡಿದ ಆ ಮಹಾನುಭಾವ ಹಡಗಿನ ಮೇಲೆ ನಿಂತು ಏನನ್ನು ಹುಡುಕಿದನೋ, ಹಾಯಿಯ ಹಗ್ಗವನ್ನು ಎಳೆದರೆ ಅದು ನಿಲ್ಲದಿದ್ದಾಗ ಯಾವ ಶಬ್ದವನ್ನು ಉಚ್ಚರಿಸಿದನೋ, ಅದನ್ನು ಯಾರೂ ಬರೆದಿಡದೇ ಹೋದದ್ದು ನಮ್ಮ ಹಾಸ್ಯಸಾಹಿತ್ಯಕ್ಕಾದ ನಷ್ಟ. ಬರೆದಿಟ್ಟಿರುವುದು ಇಷ್ಟು: ಕಡಲಿನಲ್ಲಿಯೇ ಪಳಗಿದ ಹಡಗಿನ ನಾಯಕರು ಈ ನೇಮಕದಿಂದ ಕುದಿದುಹೋಗಿದ್ದರು, 1768ರಲ್ಲಿ ಮುಂಬಯಿಯಿಂದ ಇಂಗ್ಲಿಷರ ದಂಡು ಬಂದೊಡನೆ, ಅವರಲ್ಲಿ ಬಹುಮಂದಿ ಗುಂಡು ಹಾರಿಸದೆ, ಹಡಗುಗಳ ಸಮೇತ ಇಂಗ್ಲಿಷರ ಪಕ್ಷವನ್ನು ಸೇರಿಬಿಟ್ಟರು. ಇದನ್ನು ಕೇಳಿ ಮೊಮ್ಮಗ ಕಿಂಚಿತ್ತೂ ಬೆರಗಾಗಲಿಲ್ಲ. ‘ಏಜ್ ಆಫ್ ಎಂಪೈರ್ಸ್’ ಎಂಬ ಇನ್ನೊಂದು ಆಟದಲ್ಲಿ, ದಡದಲ್ಲಿ ನಿಂತ ಪುರೋಹಿತನೊಬ್ಬ ಕೋಲೆತ್ತಿ ‘ವೊಲೊಲೊ’ ಎಂದು ಮಂತ್ರ ಹೇಳಿದರೆ ಸಾಕು, ಶತ್ರುವಿನ ಹಡಗು ಬಣ್ಣ ಬದಲಾಯಿಸಿ ನಮ್ಮದಾಗುತ್ತದಂತೆ. "ಇಂಗ್ಲಿಷರ ಹತ್ರ ಪ್ರೀಸ್ಟ್ ಇದ್ದಿರಬೇಕು" ಎಂದು ಅವನು ಚರಿತ್ರೆಯ ಈ ಸಮಸ್ಯೆಯನ್ನು ಬಗೆಹರಿಸಿದ. ಹೈದರ್ ಹಠ ಬಿಡದೆ ಮತ್ತೆ ಕಟ್ಟಿಸಿದ. 1780ರ ಡಿಸೆಂಬರಿನಲ್ಲಿ ಎಡ್ವರ್ಡ್ ಹ್ಯೂಸ್ ಎಂಬ ನೌಕಾಧಿಪತಿ ಮಂಗಳೂರಿಗೆ ಬಂದು ಅವುಗಳನ್ನೂ ನಾಶಮಾಡಿ ಹೋದ.

ಮಗನು ಟಿಪ್ಪು. ಆತನು 1796ರಲ್ಲಿ ಹೊರಡಿಸಿದ ನೌಕಾಶಾಸನವನ್ನು ಓದಿದವರಾರೂ ಶ್ರೀರಂಗಪಟ್ಟಣವು ಕಾವೇರಿಯ ನಡುವೆ, ಮೊಣಕಾಲು ನೀರಿನಲ್ಲಿ ಕೂತ ಊರೆಂದು ನಂಬಲಾರರು. 40ರಷ್ಟು ದೊಡ್ಡ ಯುದ್ಧನೌಕೆಗಳು. ಅವುಗಳ ಮೇಲ್ವಿಚಾರಣೆಗೆ ರಾಜಧಾನಿಯಲ್ಲಿ ‘ಮೀರ್ ಯಮ್’ ಎಂಬ ಹನ್ನೊಂದು ಮಂದಿ ಅಧಿಕಾರಿಗಳು. ಅವರ ಕೈಕೆಳಗೆ ಮೂವತ್ತು ಮಂದಿ ‘ಮೀರ್ ಬಹರ್’ಗಳು, ಎಂದರೆ ಸಮುದ್ರದ ದಳಪತಿಗಳು. ನಾನು ಮೂವತ್ತೆರಡು ವರ್ಷ ಗುಮಾಸ್ತೆಗಿರಿ ಮಾಡಿದ ಕಚೇರಿಯೊಂದರಲ್ಲಿ, ಹೆಸರು ಬೇಡ, ಇನ್ನೂ ಬಾರದ ಒಂದು ಜೀಪಿಗೆ ಚಾಲಕನೂ ಅವನ ರಜೆಯ ದಿನಕ್ಕೆ ಇನ್ನೊಬ್ಬ ಚಾಲಕನೂ ಎರಡು ವರ್ಷ ಹಾಜರಿ ಹಾಕಿದ್ದರು. ಆದ್ದರಿಂದ ಮೊದಲು ಹುದ್ದೆ, ಆಮೇಲೆ ಹಡಗು ಎಂಬ ಈ ಕ್ರಮ ನನಗೆ ಪರಿಚಿತವಾದುದೇ. ಮೂರೇ ವರ್ಷಗಳಲ್ಲಿ, 1799ರಲ್ಲಿ, ಪಟ್ಟಣ ಬಿತ್ತು. ದಂಡು ಹೆಚ್ಚಿನಂಶ ಕಾಗದದ ಮೇಲೆಯೇ ಉಳಿಯಿತು. ಆದರೂ ಹೇಳುತ್ತೇನೆ, ಕಡಲಿಗೆ ಇಷ್ಟು ದೂರ ಕುಳಿತು ಅಷ್ಟು ವಿವರವಾಗಿ ಕಡಲನ್ನು ಕಲ್ಪಿಸಿಕೊಂಡವನ ಮೇಲೆ ನನಗೆ ನಗುವಿಗಿಂತ ಹೆಚ್ಚಾಗಿ ಅಕ್ಕರೆಯುಂಟು. ನಮ್ಮವರ ಚಾಳಿಯೇ ಇದು. ಬಾದಾಮಿಯ ಬಂಡೆಗಳ ನಡುವೆ ಆಳಿದ ಪುಲಕೇಶಿ ನೂರಾರು ಹಡಗುಗಳಿಂದ ಪುರಿಯನ್ನು ಮುತ್ತಿದನೆಂದು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಹೇಳುತ್ತಾನೆ. ಹೋಲಿಸುವಾಗ ಆ ಕವಿಗೆ ನೆನಪಾದದ್ದು ತಿಮಿಂಗಿಲವಲ್ಲ, ಮದ್ದಾನೆ. ಇನ್ನು ಬೆಂಗಳೂರಿನವರೋ, ಕೆರೆ ತೋಡಿ ಅದಕ್ಕೆ ಕೆಂಪಾಂಬುಧಿ, ಧರ್ಮಾಂಬುಧಿ ಎಂದು ಸಮುದ್ರದ ಹೆಸರಿಟ್ಟವರು. ಧರ್ಮಾಂಬುಧಿಯು ಬತ್ತಿ, ಈಗ ಅದರ ತಳದಲ್ಲಿ ಲಂಗರು ಹಾಕಿ ನಿಂತಿರತಕ್ಕವು ಮೆಜೆಸ್ಟಿಕ್ಕಿನ ಬಸ್ಸುಗಳು.

ಬಸ್ಸೆಂದಾಗ ನೆನಪಾಯಿತು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನ ಕಥೆಯನ್ನು ನನ್ನಿಂದ ಕೇಳಿದ್ದ ಮೊಮ್ಮಗ, ಒಂದು ದಿನ ‘ಉಳ್ಳಾಲ’ವೆಂಬ ಫಲಕದ ಬಸ್ಸನ್ನು ಕಂಡು, ಅದರಲ್ಲಿ ಕೂತೇ ತೀರಬೇಕೆಂದು ಹಠ ಹಿಡಿದ. ಅದು ಕೆಂಗೇರಿಯ ಕಡೆಯ ಉಳ್ಳಾಲವೆಂದೂ, ಅಲ್ಲಿರುವುದು ಒಂದು ಕೆರೆ ಮಾತ್ರವೆಂದೂ ಹೇಳುವಷ್ಟರಲ್ಲಿ ನಿರ್ವಾಹಕ ಚೀಟಿ ಹರಿದಾಗಿತ್ತು. ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಿಂತು ಪೋರ್ಚುಗೀಸರಿಗಾಗಿ ಕಾದೆವು. ಕಡೆಗೆ ಕಡಲೇಕಾಯಿ ತಿಂದು ಹಿಂದಿರುಗಿದೆವು.

ಆ ನಿರಾಶೆಯನ್ನು ನೀಗಲೆಂದೇ ನಿಜವಾದ ನೌಕಾಬಲವನ್ನು ತೋರಿಸಲು ಅವನನ್ನು ಕಾರವಾರಕ್ಕೆ ಕರೆದೊಯ್ದೆ. ಅಲ್ಲಿರುವುದು, 2005ರಲ್ಲಿ ಉದ್ಘಾಟನೆಯಾದ ‘ಐಎನ್‌ಎಸ್ ಕದಂಬ’ ನೌಕಾನೆಲೆ. ಅದೂ ಬನವಾಸಿಯೆಂಬ ಒಳನಾಡಿನ ಊರಿನ ಅರಸರ ಹೆಸರು ಹೊತ್ತದ್ದು. ಸಾಮಾನ್ಯರಿಗೆ ಒಳಗೆ ಪ್ರವೇಶವಿಲ್ಲ. ಆದರೆ ಟ್ಯಾಗೋರ್ ಕಡಲತೀರದಲ್ಲಿ, ಕೆಲಸದಿಂದ ನಿವೃತ್ತವಾದ ‘ಚಪಲ್’ ಎಂಬ ಕ್ಷಿಪಣಿನೌಕೆಯನ್ನು ಮರಳಿನ ಮೇಲೆ ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಚಪಲವೆಂದರೆ ನಮ್ಮ ಮನೆಯಲ್ಲಿ ಬೋಂಡದ ಮೇಲಿನ ಆಸೆ. ಆ ಹೆಸರಿನ ಯುದ್ಧನೌಕೆಯೊಳಕ್ಕೆ ತಲೆ ಬಗ್ಗಿಸಿ ಇಳಿದಾಗ ಕಂಡದ್ದು, ನಮ್ಮ ದೇವರಮನೆಗಿಂತ ಕಿರಿದಾದ ಕೋಣೆಗಳು, ಒಬ್ಬನ ಮೂಗಿನ ಮೇಲೆ ಮತ್ತೊಬ್ಬನ ಹಾಸಿಗೆ, ಎಣ್ಣೆಬಣ್ಣದ ವಾಸನೆ. ಮೊಮ್ಮಗ ಸುತ್ತ ನೋಡಿ, "ಇದ್ರಲ್ಲಿ ಡ್ರ್ಯಾಗನ್ ಎಲ್ಲಿ ಹಿಡಿಸುತ್ತೆ?" ಎಂದ. ಸಂಜೆ ಡಾಲ್ಫಿನ್ ತೋರಿಸುವ ದೋಣಿಯೊಂದನ್ನು ಹತ್ತಿದೆವು. ಕಾಳಿ ನದಿಯ ಅಳಿವೆ ದಾಟಿ ಅಲೆ ಎದ್ದದ್ದೇ ತಡ, ಬೆಳಗ್ಗೆ ತಿಂದಿದ್ದ ಬನ್ಸು ನನ್ನ ಪಕ್ಷವನ್ನು ತ್ಯಜಿಸಲು ನಿಶ್ಚಯಿಸಿತು. ಡಾಲ್ಫಿನ್ನನ್ನು ಉಳಿದವರೆಲ್ಲ ನೋಡಿದರಂತೆ. ನಾನು ಅರಬ್ಬೀ ಸಮುದ್ರವನ್ನು ಬಲು ಹತ್ತಿರದಿಂದ ನೋಡಿದೆ. ಆ ಗಳಿಗೆಯಲ್ಲಿ ಲುತ್ಫ್ ಅಲಿ ಬೇಗನು ನನಗೆ ಒಡಹುಟ್ಟಿದವನಂತೆ ಕಂಡ.

ಊರಿಗೆ ಮರಳಿದ ಮೇಲೆ ಮೊಮ್ಮಗ ಮತ್ತೊಂದು ಸಂಗತಿಯನ್ನು ಕಂಡುಹಿಡಿದು ತಂದ. ನಮ್ಮ ನೌಕಾಪಡೆಯಲ್ಲಿ ‘ಐಎನ್‌ಎಸ್ ಮೈಸೂರು’ ಎಂಬ ಹಡಗಿದೆ. ಅದೇ ಹೆಸರಿನ ಹಿಂದಿನ ಹಡಗು ಇಂಗ್ಲಿಷರ ‘ನೈಜೀರಿಯಾ’, ನಾವು ಕೊಂಡು 1957ರಲ್ಲಿ ಹೆಸರು ಬದಲಿಸಿ ಸೇರಿಸಿಕೊಂಡದ್ದು. ಈಗಿನದರ ಲಾಂಛನ ಗಂಡಭೇರುಂಡ. "ತಾತ, ಎರಡು ತಲೆ ಹಕ್ಕಿ! ಇದೂ ಆಟದ್ದೇ ಅಲ್ವಾ?" ಹದ್ದಿನ ಮೋರೆಯ ಸಿಂಹವನ್ನು ಅಷ್ಟು ದಿನ ಹಾಸ್ಯ ಮಾಡಿದ್ದ ನಾನು, ಉತ್ತರ ಹುಡುಕುತ್ತ ಕನ್ನಡಕವನ್ನು ಎರಡು ಸಲ ಒರೆಸಿದೆ.

ರಜೆಯ ಕಡೆಯ ಭಾನುವಾರ ನಮ್ಮಿಬ್ಬರಿಗೂ ಅಂತಿಮ ಸಮರ. ಈ ಸಲ ಟೋಪಿ ನನ್ನ ತಲೆಯ ಮೇಲಿತ್ತು. ಅವನ ಹಡಗು ದ್ವೀಪದ ಮರೆಯಲ್ಲಿ ಒಂಟಿಯಾಗಿತ್ತು. ಜಯಲಕ್ಷ್ಮಿ ಇನ್ನೇನು ಮೂರನೆಯ ಬ್ಲಾಕಿನ ಕಡೆಗೆ ಹೆಜ್ಜೆಯಿಡಲಿದ್ದಳು. ಅಷ್ಟರಲ್ಲಿ ಹಿತ್ತಲಿನಿಂದ, ಹನ್ನೊಂದು ಮಂದಿ ಮೀರ್ ಯಮ್‌ಗಳಿಗೂ ಮೀರಿದ ಆಜ್ಞೆ ಕೇಳಿಸಿತು: "ನೀರು ಬಂತು! ಇಬ್ಬರೂ ಬನ್ನಿ!" ಎರಡು ದಂಡುಗಳನ್ನೂ ನಡುಗಡಲಿನಲ್ಲಿ ಬಿಟ್ಟು ಓಡಿದೆವು. ನಾನು ಕೊಳವೆ ಹಿಡಿದೆ, ಅವನು ಬಿಂದಿಗೆ ಹಿಡಿದ. ಡ್ರಮ್ಮು ತುಂಬುತ್ತ ಬಂದಂತೆ ಅವನು ಹಿತ್ತಾಳೆಯ ಚೊಂಬೊಂದನ್ನು ಮೆಲ್ಲನೆ ಅದರಲ್ಲಿ ತೇಲಬಿಟ್ಟು, "ಮೈಸೂರು" ಎಂದ. ಅದು ಒಂದು ಸುತ್ತು ತಿರುಗಿತು, ವಾಲಿತು, ಸಾವರಿಸಿಕೊಂಡಿತು. ಮನೆಯಾಕೆ ಬಂದು ಅದನ್ನು ಎತ್ತಿಕೊಂಡು, ನೀರು ತುಂಬಿ, ತುಳಸಿಕಟ್ಟೆಯ ಕಡೆಗೆ ನಡೆದಳು.